ಕಿನ್ನಾಳದಲ್ಲಿ, ರತಿ ಸೀರೆ ಉಡುವ ಮೊದಲು

ಹಂಪಿಯಲ್ಲಿ ಎರಡು ದಿನ ಸುತ್ತಿದೆ. ಕಣ್ಣಲ್ಲಿ ಉಳಿದವನು ವಿರೂಪಾಕ್ಷ ಗುಡಿಯ ಚಾವಣಿಯ ಮನ್ಮಥ. ತಪಸ್ಸಿಗೆ ಕೂತ ಶಿವನಿಗೆ ಬಾಣ ಹೂಡಿದ್ದಾನೆ. ಕತ್ತು ನೋಯುವವರೆಗೂ ನೋಡಿದೆ. ಆ ಚಿತ್ರ ಬರೆದವರು ಕಟ್ಟಿಗೆ ಗೊಂಬೆಗಳ ಊರಾದ ಕಿನ್ನಾಳದ ಚಿತ್ರಗಾರರ ಹಿರೀಕರು ಅಂತ ಈ ಕಡೆ ಹೇಳುತ್ತಾರೆ. ಹಾಗಾಗಿ ಕೊಪ್ಪಳಕ್ಕೆ ಬಂದು ಕಿನ್ನಾಳದ ಬಸ್ ಹತ್ತಿದೆ.

ಒಂದು ಮನೆಯ ಕಟ್ಟೆ ಮೇಲೆ ಅಜ್ಜ ಕೂತಿದ್ದರು. ಎದುರಿಗೆ ಮೊಣಕಾಲೆತ್ತರದ ಕಟ್ಟಿಗೆಯ ರತಿ. ಹೋಳಿ ಹಬ್ಬಕ್ಕೆ ಕಾಮಣ್ಣನ ಜೊತೆ ಕೂರುವವಳು. ಯಾವುದೋ ಊರಿನವರು ಹೊಸ ಬಣ್ಣಕ್ಕೆ ತಂದುಕೊಟ್ಟಿದ್ದರಂತೆ. ಹಳೇ ಬಣ್ಣ ಪೂರ್ತಿ ಕೆರೆದಾಗಿತ್ತು. ಸೀರೆ ಇಲ್ಲ, ಒಡವೆ ಇಲ್ಲ. ಹೊಕ್ಕುಳು, ಹೊಟ್ಟೆಯ ಮಡಿಕೆ, ಸೊಂಟದ ತಿರುವು, ಎಲ್ಲ ಉಳಿಯ ಗುರುತಿನ ಸಮೇತ ಕಾಣುತ್ತಿತ್ತು. ಮುಚ್ಚಿಹೋಗುವ ತೊಡೆಯನ್ನೂ ಯಾರೋ ಅಷ್ಟೇ ಪ್ರೀತಿಯಿಂದ ತಿದ್ದಿದ್ದರು.

"ಇದೆಲ್ಲ ಸೀರೆಯೊಳಗೆ ಹೋಗುತ್ತಲ್ಲ ಅಜ್ಜಾ, ಇಷ್ಟು ಯಾಕೆ?" ಅಂದೆ.

"ಮೈ ಇಲ್ದ ಸೀರಿ ನಿಲ್ಲಂಗಿಲ್ರಿ."

ಸೊಂಟದ ಬಿರುಕಿಗೆ ಬೆರಳಿನಿಂದ ಕಿಟ್ಟ ತುಂಬುತ್ತಿದ್ದರು. ನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದ ಮುದ್ದೆ ಅದು. ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು: "ಗಂಡನ್ನ ಶಿವ ಸುಟ್ಟ. ಅವಗ ಮೈ ಇಲ್ಲ. ಈಕಿದರೆ ಚಂದ ಇರಬೇಕಲ್ರೀ."

ನನಗೆ ಮಾತೇ ಬರಲಿಲ್ಲ. ಮನ್ಮಥನಿಗೆ ಅನಂಗ, ಅಂದರೆ ಮೈ ಇಲ್ಲದವನು, ಅನ್ನುವ ಹೆಸರನ್ನು ಎಷ್ಟು ಸಲ ಓದಿದ್ದೆ! ಅದರ ಹಿಂದೆ ಒಬ್ಬ ಹೆಂಡತಿ ಉಳಿದಿದ್ದಾಳೆ ಅಂತ ಯೋಚಿಸಿಯೇ ಇರಲಿಲ್ಲ.

ಚಿತ್ರಕಲಾವಿದ ಎ. ರಾಮಚಂದ್ರನ್ ಅವರ 'ಯಯಾತಿ' ನೆನಪಾಯಿತು. 1986ರಲ್ಲಿ ಮುಗಿದ, 60 ಅಡಿ ಉದ್ದದ ಚಿತ್ರ. ಮುಪ್ಪು ಬಂದರೂ ಆಸೆ ತೀರದ ರಾಜನ ಕತೆ. ಅದರ ಹೆಂಗಸರು ಅಪ್ಸರೆಯರಲ್ಲ, ರಾಜಸ್ಥಾನದ ಅಲೆಮಾರಿ ಕಮ್ಮಾರರಾದ ಗಾಡಿಯಾ ಲೋಹಾರರ ಚಹರೆಯವರು, ಬಿಸಿಲು ಕಂಡ ಮೈಯವರು. ರವಿವರ್ಮನ ದೇವಿಯರಲ್ಲಿ ನನಗೆ ಇದು ಸಿಗುವುದಿಲ್ಲ. ಅಲ್ಲಿ ಜರಿಯೇ ಜಾಸ್ತಿ, ಸೀರೆಯೊಳಗೆ ಯಾರೂ ಇಲ್ಲ ಅನ್ನಿಸುತ್ತದೆ.

ಹೊರಡುವಾಗ ಗೇಣುದ್ದದ ಗೌರಿಯನ್ನು ಕೊಂಡೆ. ಬಣ್ಣ ಇನ್ನೂ ಹಸಿ ಇತ್ತು. ಅವಸರದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡೆ. ಮನೆಯಲ್ಲಿ ಬಿಚ್ಚಿದರೆ ಭುಜದ ಬಣ್ಣ ಚೀಲಕ್ಕೆ ಅಂಟಿ ಬಂತು. ಈಗಲೂ ಹೊಟ್ಟೆ ಉರಿಯುತ್ತದೆ. ನೀವು ಹೋದರೆ ಹಳೇ ಪಂಚೆ ಒಯ್ಯಿರಿ, ಬಣ್ಣ ಒಣಗಿದ ಗೊಂಬೆಯನ್ನೇ ಕೇಳಿ.

ಆ ರತಿ ಯಾವ ಊರಿನವಳು ಅಂತ ಕೇಳುವುದು ಮರೆತೇಹೋಯಿತು. ಹೋಳಿ ಹಬ್ಬಕ್ಕೆ ಅವಳನ್ನು ನೋಡಬೇಕಿತ್ತು.