ಕಲ್ಲಿಗೆ ಕಾವು ಕೊಟ್ಟ ಪೆಂಗ್ವಿನ್‌ಗಳು

ಕಪಾಟಿನ ಧೂಳು ಹೊಡೆಯುವಾಗ ಮಗಳ ಹಳೆಯ ಚಿತ್ರಪುಸ್ತಕ ಕೈಗೆ ಸಿಕ್ಕಿತು: ‘ಆ್ಯಂಡ್ ಟ್ಯಾಂಗೋ ಮೇಕ್ಸ್ ತ್ರೀ’. ಕೆಲಸ ಅಲ್ಲಿಗೇ ನಿಂತಿತು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್ ಮೃಗಾಲಯದಲ್ಲಿ ನಿಜವಾಗಿ ನಡೆದದ್ದು ಇದು. ರಾಯ್, ಸೈಲೋ ಎಂಬ ಎರಡು ಗಂಡು ಪೆಂಗ್ವಿನ್‌ಗಳು ಗೂಡು ಕಟ್ಟಿ, ಕಲ್ಲೊಂದನ್ನೇ ಮೊಟ್ಟೆಯೆಂದು ಕಾವು ಕೊಡುತ್ತ ಕುಳಿತಿದ್ದವು. ನೋಡಿಕೊಳ್ಳುವವನ ಮನಸ್ಸು ಕರಗಿ, ಬೇರೆ ಜೋಡಿಯ ಮೊಟ್ಟೆಯೊಂದನ್ನು ತಂದಿಟ್ಟ. ಮರಿ ಹೊರಬಂತು, ಅದೇ ಟ್ಯಾಂಗೋ. ಅಷ್ಟೇ ಕಥೆ.

2005ರ ಈ ಪುಸ್ತಕ ಅಮೆರಿಕದಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದವುಗಳ ಪಟ್ಟಿಯಲ್ಲಿ ಹಲವು ವರ್ಷ ಕಾಣಿಸಿಕೊಂಡಿತು. 2014ರಲ್ಲಿ ಸಿಂಗಪುರದ ರಾಷ್ಟ್ರೀಯ ಗ್ರಂಥಾಲಯ ಮಂಡಳಿ ಇದನ್ನೂ ಇನ್ನೆರಡನ್ನೂ ಮಕ್ಕಳ ವಿಭಾಗದಿಂದ ತೆಗೆದು ರದ್ದಿಗೆ ಹಾಕಲು ಹೊರಟಿತ್ತು. ಜನ ಸುಮ್ಮನಿರಲಿಲ್ಲ. ಮಕ್ಕಳನ್ನು ಕರೆದುಕೊಂಡು ಬಂದು ಗ್ರಂಥಾಲಯದ ಆವರಣದಲ್ಲೇ ಕುಳಿತು ಪುಸ್ತಕ ಓದಿದರು. ಟ್ಯಾಂಗೋ ಉಳಿಯಿತು, ಆದರೆ ದೊಡ್ಡವರ ವಿಭಾಗದಲ್ಲಿ! ಪುಟಕ್ಕೆ ನಾಲ್ಕು ಸಾಲಿನ ಪುಸ್ತಕವನ್ನು ಅಲ್ಲಿ ಯಾರು ಹುಡುಕಿಕೊಂಡು ಹೋಗುತ್ತಾರೋ. ಮೂರರಲ್ಲೊಂದು ಆಗಲೇ ರದ್ದಿಯಾಗಿಹೋಗಿತ್ತು.

ಮಗಳಿಗೆ ಐದು ವರ್ಷವಿದ್ದಾಗ ಇದನ್ನು ಓದಿ ಹೇಳಿದ್ದೆ. ಇಬ್ಬರು ಅಪ್ಪಂದಿರು ಹೇಗೆ ಎಂದು ಕೇಳಿಯಾಳೆಂದು ಹೆದರಿ, ಉತ್ತರ ಸಿದ್ಧಮಾಡಿಕೊಂಡೇ ಪುಟ ತಿರುಗಿಸಿದ್ದೆ. ಒಂದು ಪುಟ ಹಾರಿಸಿಬಿಡೋಣವೇ ಎಂದೂ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ. ಅವಳು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪಾ, ಆ ಕಲ್ಲನ್ನು ಆಮೇಲೆ ಏನು ಮಾಡಿದರು?”

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.