ಬ್ರೈಟನ್‌ನ ಐಯಾಟೆಫಲ್ ಸಮ್ಮೇಳನ: ಮುಂದೆ ಹೋಗಲಿರುವ ಇಂಗ್ಲಿಷ್ ಶಿಕ್ಷಕರಿಗೆ

ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘವಾದ ಐಯಾಟೆಫಲ್‌ನ ವಾರ್ಷಿಕ ಸಮ್ಮೇಳನವು 2024ರ ಏಪ್ರಿಲ್ 16ರಿಂದ 19ರವರೆಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್ ನಗರದಲ್ಲಿ ನಡೆದಾಗ ನಾನು ಅದರಲ್ಲಿ ಭಾಗವಹಿಸಿದ್ದೆ. 1967ರಲ್ಲಿ ಡಬ್ಲ್ಯು. ಆರ್. ಲೀ ಅವರು ಹುಟ್ಟುಹಾಕಿದ ಈ ಸಂಘದ ಸಮ್ಮೇಳನ ಒಂದೇ ಊರಿಗೆ ಅಂಟಿಕೊಂಡಿಲ್ಲ. 2023ರಲ್ಲಿ ಹ್ಯಾರೊಗೇಟ್‌ನಲ್ಲಿ ನಡೆದಿತ್ತು, 2025ರಲ್ಲಿ ಎಡಿನ್‌ಬರೊದಲ್ಲಿ ನಡೆಯಿತು. ಊರು ಬದಲಾದರೂ ಸಮ್ಮೇಳನದ ಕ್ರಮ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ, ಹೋಗುವ ಯೋಚನೆಯಲ್ಲಿರುವವರಿಗೆ ಉಪಯೋಗವಾಗಬಹುದಾದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಹೇಳುವುದಾದರೆ, ತರಗತಿಯಲ್ಲಿ ಬಗೆಹರಿಯದೆ ಉಳಿದ ಒಂದು ಪ್ರಶ್ನೆಯನ್ನು ಹೊತ್ತು ಹೋದವರಿಗೆ ಈ ಪ್ರವಾಸ ಸಾರ್ಥಕವಾಗುತ್ತದೆ. ಎಲ್ಲವನ್ನೂ ಕೇಳಿ ಬರುತ್ತೇನೆಂದು ಹೊರಟವರಿಗೆ ದಣಿವೇ ಹೆಚ್ಚು.

ಹಣ ಮತ್ತು ಕಾಗದಪತ್ರಗಳ ಕೆಲಸವನ್ನು ಹಿಂದಿನ ವರ್ಷವೇ ಆರಂಭಿಸಬೇಕು. ಸಂಘದ ಸದಸ್ಯರಿಗೆ ನೋಂದಣಿ ಶುಲ್ಕ ಕಡಿಮೆ, ಅವಧಿಗೆ ಮೊದಲೇ ನೋಂದಾಯಿಸಿದವರಿಗೆ ಇನ್ನಷ್ಟು ಕಡಿಮೆ. ಸಮ್ಮೇಳನಕ್ಕೆ ಬರುವ ಶಿಕ್ಷಕರಿಗೆಂದೇ ಸಂಘವು ಹಲವು ಸ್ಕಾಲರ್‌ಷಿಪ್‌ಗಳನ್ನು ಕೊಡುತ್ತದೆ. ಆದರೆ ಅವುಗಳ ಅರ್ಜಿಯ ಗಡುವು ಬಹಳ ತಿಂಗಳು ಮುಂಚೆಯೇ ಮುಗಿದುಹೋಗುವುದರಿಂದ, ಸಮ್ಮೇಳನದ ಸುದ್ದಿ ಕಿವಿಗೆ ಬಿದ್ದ ಮೇಲೆ ಅರ್ಜಿ ಹಾಕೋಣವೆಂದರೆ ಆಗದು. ಚೆನ್ನೈಯಲ್ಲಿ ನೆಲೆಯಿರುವ, ಭಾರತದ ಇಂಗ್ಲಿಷ್ ಶಿಕ್ಷಕರ ಸಂಘವಾದ ಎಲ್ಟಾಯ್ ಐಯಾಟೆಫಲ್‌ನ ಸಹಸಂಘಗಳಲ್ಲಿ ಒಂದು. ಅದರ ಸದಸ್ಯರಲ್ಲಿ ಹಿಂದೆ ಹೋಗಿಬಂದವರಿದ್ದರೆ ಅವರನ್ನು ವಿಚಾರಿಸುವುದು ಒಳ್ಳೆಯದು.

ಸಮ್ಮೇಳನದಲ್ಲಿ ಭಾಗವಹಿಸಲು ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಸಾಕು. ಪ್ರಯಾಣದ ದಿನಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಸಲ್ಲಿಸಲು ಬರುವುದಿಲ್ಲ, ನಿರ್ಧಾರಕ್ಕೆ ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತದೆ. ನೋಂದಣಿಯ ದೃಢೀಕರಣ, ಬ್ಯಾಂಕ್ ಸ್ಟೇಟ್‌ಮೆಂಟ್, ಉದ್ಯೋಗದ ಮತ್ತು ರಜೆಯ ಪತ್ರಗಳನ್ನು ಒಂದೆಡೆ ಜೋಡಿಸಿಟ್ಟುಕೊಳ್ಳಿ. ಸರ್ಕಾರಿ ಸೇವೆಯಲ್ಲಿರುವವರು ವಿದೇಶ ಪ್ರವಾಸಕ್ಕೆ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನೂ ಪಡೆಯಬೇಕು. ಕಡತವೊಂದು ಮೇಜಿನಿಂದ ಮೇಜಿಗೆ ಸಾಗುವ ವೇಗವನ್ನು ಬಲ್ಲವರಿಗೆ, ವೀಸಾಕ್ಕಿಂತ ಮೊದಲು ಇದಕ್ಕೇ ಏಕೆ ಕೈಹಾಕಬೇಕೆಂದು ವಿವರಿಸಬೇಕಾಗಿಲ್ಲ.

ಬ್ರೈಟನ್ ತಲುಪುವುದು ಕಷ್ಟವಲ್ಲ. ಗ್ಯಾಟ್‌ವಿಕ್ ವಿಮಾನ ನಿಲ್ದಾಣದಿಂದ ನೇರ ರೈಲಿದ್ದು, ಸುಮಾರು ಅರ್ಧ ಗಂಟೆಯಲ್ಲಿ ಊರು ಸಿಗುತ್ತದೆ. ರೈಲು ನಿಲ್ದಾಣದಿಂದ ಸಮುದ್ರದ ಕಡೆಗೆ ನೇರವಾಗಿ ಇಳಿದುಹೋಗುವ ರಸ್ತೆಯ ತುದಿಯಲ್ಲೇ ಸಮ್ಮೇಳನ ನಡೆದ ಬ್ರೈಟನ್ ಸೆಂಟರ್ ಇದೆ. ಹೋಗುವಾಗ ಇಳಿಜಾರಾದ ದಾರಿ ಮರಳುವಾಗ ಏರು ಎಂಬುದನ್ನು ಸೂಟ್‌ಕೇಸ್ ತುಂಬುವಾಗ ನೆನಪಿಡಬೇಕು. ಏಪ್ರಿಲ್ ಎಂದರೆ ನಮ್ಮಲ್ಲಿ ಸುಡುಬೇಸಿಗೆ, ಅಲ್ಲಿ ಚಳಿಗಾಳಿ. ಗಾಳಿ ತಡೆಯುವ ಕೋಟು ಬೇಕೇ ಬೇಕು, ಕೊಡೆ ಅಷ್ಟಾಗಿ ಉಪಯೋಗಕ್ಕೆ ಬಾರದು.

ಇನ್ನು ಸಮ್ಮೇಳನದ ವಿಷಯ. ಬೆಳಿಗ್ಗೆ ಎಲ್ಲರಿಗೂ ಸೇರಿ ಒಂದು ಗಂಟೆಯ ಪ್ಲೀನರಿ ಉಪನ್ಯಾಸವಿರುತ್ತದೆ. ಅದು ಮುಗಿದ ಮೇಲೆ ಅರ್ಧ ಗಂಟೆಯ ಉಪನ್ಯಾಸಗಳು, 45 ನಿಮಿಷದ ವರ್ಕ್‌ಶಾಪ್‌ಗಳು, ಚರ್ಚಾವೇದಿಕೆಗಳು ಹಲವು ಕೊಠಡಿಗಳಲ್ಲಿ ಏಕಕಾಲಕ್ಕೆ ನಡೆಯುತ್ತವೆ. ಕಾರ್ಯಕ್ರಮ ಪುಸ್ತಿಕೆಯಲ್ಲಿ ನೂರಾರು ಶೀರ್ಷಿಕೆಗಳು ಸಂತೆಯಂತೆ ಕೂಗಿ ಕರೆಯುತ್ತವೆ. ನಾನು ಹೊತ್ತುಹೋದ ಪ್ರಶ್ನೆ ದೊಡ್ಡ ತರಗತಿಯದು: ಬೆಂಚುಗಳನ್ನು ಕದಲಿಸಲಾಗದ ಕೋಣೆಯಲ್ಲಿ, ಹಿಂದಿನ ಸಾಲಿನ ಮಕ್ಕಳ ಬಾಯಿಂದ ಇಂಗ್ಲಿಷ್ ಹೊರಡಿಸುವುದು ಹೇಗೆ? ಈ ಪ್ರಶ್ನೆಗೆ ಹತ್ತಿರವಾದ ಗೋಷ್ಠಿಗಳನ್ನು ಹಿಂದಿನ ರಾತ್ರಿಯೇ ಗುರುತುಮಾಡಿಕೊಂಡು, ಒಂದೊಂದು ಅವಧಿಗೂ ಎರಡನೆಯ ಆಯ್ಕೆಯನ್ನು ಬರೆದಿಟ್ಟುಕೊಂಡಿದ್ದೆ. ಈ ಎರಡನೆಯ ಆಯ್ಕೆ ಅತ್ಯಗತ್ಯ. ಕುರ್ಚಿಗಳನ್ನು ಯಾರಿಗೂ ಕಾದಿರಿಸುವುದಿಲ್ಲ. ಕೊಠಡಿ ತುಂಬಿತೆಂದರೆ ಬಾಗಿಲಲ್ಲಿರುವ ಸ್ವಯಂಸೇವಕರು ನಗುತ್ತಲೇ ಕೈ ಅಡ್ಡ ಹಿಡಿಯುತ್ತಾರೆ, ಗೋಡೆಗೆ ಒರಗಿ ನಿಲ್ಲುತ್ತೇನೆಂದರೂ ಬಿಡುವುದಿಲ್ಲ.

ಹೆಸರುವಾಸಿ ಲೇಖಕರ ಉಪನ್ಯಾಸಕ್ಕೆ ಜನ ಮುಗಿಬೀಳುವುದು ಸಹಜ. ಆದರೆ ಅವರು ಹೇಳುವುದರಲ್ಲಿ ಬಹುಪಾಲು ಅವರ ಪುಸ್ತಕಗಳಲ್ಲೇ ಸಿಗುತ್ತದೆ. ನನಗೆ ಹೆಚ್ಚು ದಕ್ಕಿದ್ದು ತರಗತಿಯಿಂದಲೇ ಎದ್ದುಬಂದ ಶಿಕ್ಷಕರ ಸಣ್ಣ ವರ್ಕ್‌ಶಾಪ್‌ಗಳಲ್ಲಿ. ಒಂದು ಕಡೆ ಶಿಕ್ಷಕಿಯೊಬ್ಬರು ಪ್ರೊಜೆಕ್ಟರ್ ಆರಿಸಿ, ನಮ್ಮನ್ನೇ ಮಕ್ಕಳಂತೆ ಸಾಲಾಗಿ ಕೂರಿಸಿ, ಒಂದು ಬಿಟ್ಟು ಒಂದು ಸಾಲಿನವರಿಗೆ ಹಿಂದಕ್ಕೆ ತಿರುಗಲು ಹೇಳಿದರು. ಒಂದೂ ಕುರ್ಚಿ ಕದಲದೆ ಕೋಣೆಯ ಪ್ರತಿಯೊಬ್ಬರಿಗೂ ಎದುರಿಗೊಬ್ಬ ಜೊತೆಗಾರ ಸಿಕ್ಕಿದ್ದರು. ಆ ಶಿಕ್ಷಕಿ ಬೆರಳೆತ್ತಿದಾಗಲೆಲ್ಲ ಪ್ರತಿಯೊಬ್ಬರೂ ಒಂದು ಸ್ಥಾನ ಬಲಕ್ಕೆ ಸರಿದು, ಅದೇ ಪ್ರಶ್ನೆಯನ್ನು ಹೊಸಬರಿಗೆ ಕೇಳಬೇಕಿತ್ತು. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ತಡವರಿಸುತ್ತಿದ್ದವರ ಮಾತೂ ಸಲೀಸಾಗಿತ್ತು. ಇಂಥವನ್ನು ಪುಸ್ತಿಕೆಯ ಸಾರಾಂಶ ಓದಿ ಊಹಿಸುವುದು ಕಷ್ಟ. ಸಾರಾಂಶದಲ್ಲಿ ಮಕ್ಕಳ ವಯಸ್ಸು, ತರಗತಿಯ ಗಾತ್ರ, ಮಾಡಿಸುವ ಚಟುವಟಿಕೆ ಸ್ಪಷ್ಟವಾಗಿದ್ದರೆ ಹೋಗಬಹುದು, ಬರೀ ಹೊಸ ಪಾರಿಭಾಷಿಕ ಪದಗಳೇ ತುಂಬಿದ್ದರೆ ಬಿಡಬಹುದು ಎಂಬುದು ನಾನು ಕಂಡುಕೊಂಡ ಅಳತೆಗೋಲು.

ಮೊದಲ ಸಲ ಬರುವವರು ಪ್ಲೀನರಿಗೂ ಮುಂಚೆ, 8.15ಕ್ಕೆ ಆರಂಭವಾಗುವ ಚಿಕ್ಕ ಮಾರ್ಗದರ್ಶನ ಗೋಷ್ಠಿಗಳನ್ನು ತಪ್ಪಿಸಿಕೊಳ್ಳಬಾರದು. ಪ್ರಬಂಧ ಮಂಡಿಸುವುದು ಹೇಗೆ, ಲೇಖನ ಪ್ರಕಟಿಸುವುದು ಹೇಗೆ ಎಂಬಂಥ ವಿಷಯಗಳನ್ನು ಅನುಭವಸ್ಥರು ಅಲ್ಲಿ ನೇರವಾಗಿ ತಿಳಿಸುತ್ತಾರೆ. ಸಮ್ಮೇಳನದ ಹಿಂದಿನ ದಿನ ಸಂಘದ ವಿಶೇಷಾಸಕ್ತಿ ಗುಂಪುಗಳು, ಅಂದರೆ ಎಳೆಯ ಮಕ್ಕಳ ಬೋಧನೆ, ಪರೀಕ್ಷೆ, ಸಂಶೋಧನೆ ಮೊದಲಾದ ಕ್ಷೇತ್ರಗಳ ಗುಂಪುಗಳು, ದಿನವಿಡೀ ಕಾರ್ಯಕ್ರಮ ನಡೆಸುತ್ತವೆ. ಅದಕ್ಕೆ ಬೇರೆ ಶುಲ್ಕವಿದೆ. ಆದರೂ ಪರಿಚಯಸ್ಥರಿಲ್ಲದೆ ಹೋಗುವವರಿಗೆ ಅಲ್ಲಿ ಸಿಕ್ಕ ಮುಖಗಳೇ ಮರುದಿನದ ಜನಜಂಗುಳಿಯಲ್ಲಿ ಆಸರೆಯಾಗುವುದರಿಂದ, ಕೈಯಲ್ಲಿ ಹಣವಿದ್ದರೆ ಮೊದಲು ಇದಕ್ಕೆ ತೆಗೆದಿಡಿ ಎನ್ನುತ್ತೇನೆ.

ಪ್ರಕಾಶಕರ ಪ್ರದರ್ಶನ ಮಳಿಗೆಗಳಲ್ಲಿ ಮಾದರಿ ಪ್ರತಿಗಳು ಧಾರಾಳವಾಗಿ ಸಿಗುತ್ತವೆ. ಹೊತ್ತು ತರುವ ಭಾರ ನಮ್ಮದೇ ಆದ್ದರಿಂದ ಆಯ್ದುಕೊಂಡರೆ ಸಾಕು. ಸ್ವತಃ ಪ್ರಬಂಧ ಮಂಡಿಸುವವರು ಸ್ಲೈಡುಗಳನ್ನು ಪೆನ್‌ಡ್ರೈವ್‌ನಲ್ಲೂ ಇ-ಮೇಲ್‌ನಲ್ಲೂ ಇಟ್ಟುಕೊಂಡು, ಅರ್ಧ ಗಂಟೆಯಲ್ಲಿ ಕೊನೆಯ ಕೆಲವು ನಿಮಿಷಗಳನ್ನು ಪ್ರಶ್ನೋತ್ತರಕ್ಕೆ ಬಿಡಬೇಕು. ಮಂಡಿಸಿದವರು ತಮ್ಮ ಪ್ರಬಂಧದ ಬರಹರೂಪವನ್ನು ಸಂಘವು ಹೊರತರುವ ಸಮ್ಮೇಳನ ಸಂಪುಟಕ್ಕೆ ಕಳುಹಿಸಬಹುದು. ಸಭಿಕರು ಕೇಳಿದ ಪ್ರಶ್ನೆಗಳನ್ನು ಅಂದೇ ಸಂಜೆ ಬರೆದಿಟ್ಟುಕೊಂಡರೆ ಆ ಬರಹಕ್ಕೆ ಅರ್ಧ ಸಾಮಗ್ರಿ ಅಲ್ಲೇ ಸಿದ್ಧವಾಗಿರುತ್ತದೆ. ಭಾಗವಹಿಸಿದ ಪ್ರಮಾಣಪತ್ರವನ್ನು ಹೊರಡುವ ಮೊದಲೇ ಕೇಳಿ ಪಡೆದು ವಿಮಾನದ ಬೋರ್ಡಿಂಗ್ ಪಾಸ್‌ಗಳ ಜೊತೆಗೆ ಇಟ್ಟುಕೊಳ್ಳಿ. ಪ್ರಯಾಣವೆಚ್ಚದ ಬಿಲ್ಲು ಸಲ್ಲಿಸುವಾಗ ಕಚೇರಿಯವರು ಇವೆರಡನ್ನೂ ಕೇಳುವ ಸಂಭವವಿದೆ.