ಟಾಕ್ಸೊಪ್ಲಾಸ್ಮಾ ಸ್ರಾವ ಪರೀಕ್ಷೆ: ಧಾರವಾಡದ ಏಪ್ರಿಲ್‌ನಲ್ಲಿ ಮೂರನೇ ಸುತ್ತು

ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶ ಪರಾವಲಂಬಿಯನ್ನು ಎಥನಾಲ್‌ನಿಂದ ಕೆಣಕಿ, ಅದು ಹೊರಬಿಡುವ ಪ್ರೋಟೀನ್‌ಗಳನ್ನು ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ಗಾತ್ರದಂತೆ ಬೇರ್ಪಡಿಸಿ ಪಟ್ಟಿಗಳಾಗಿ ಕಾಣಿಸುವ ವಿಧಾನ) ನೋಡುವ ಪರೀಕ್ಷೆ ಇದು. ಎರಡನೇ ಸುತ್ತಿನ ಬ್ಲಾಟ್‌ನಲ್ಲಿ ಎಥನಾಲ್ ಹಾಕದ ಟ್ಯೂಬಿನಲ್ಲೂ ಎಂಐಸಿ2 ಎಂಬ ಸ್ರಾವ ಪ್ರೋಟೀನ್‌ನ ಪಟ್ಟಿ ದಟ್ಟವಾಗಿ ಬಂತು. ಅಂದರೆ ನಾವು ಕೆಣಕುವ ಮೊದಲೇ ಪರಾವಲಂಬಿ ಈ ಪ್ರೋಟೀನ್ ತುಂಬಿಟ್ಟುಕೊಳ್ಳುವ ಮೈಕ್ರೊನೀಮ್ ಚೀಲಗಳನ್ನು ಖಾಲಿ ಮಾಡಿಕೊಂಡಿತ್ತು. ಏಪ್ರಿಲ್ ಮಧ್ಯಾಹ್ನ ಇಲ್ಲಿ ‘ಕೋಣೆಯ ಉಷ್ಣತೆ’ ಎಂದರೆ 33 ಡಿಗ್ರಿ. ಪರಾವಲಂಬಿಗಳ ಎಣಿಕೆ ಮುಗಿಯುವಷ್ಟರಲ್ಲಿ ಸ್ರಾವ ಶುರುವಾಗಿರುತ್ತದೆ. ಜೊತೆಗೆ ತೊಳೆಯುವ ದ್ರಾವಣದಲ್ಲಿ ಸೀರಮ್ ಇತ್ತು. ಅದರ ಆಲ್ಬುಮಿನ್ ತಾನೇ ಮೈಕ್ರೊನೀಮ್ ಸ್ರಾವವನ್ನು ಎಬ್ಬಿಸುತ್ತದೆ. ಸಾಲದ್ದಕ್ಕೆ ಜೆಲ್‌ನಲ್ಲಿ 66 ಕಿಲೊಡಾಲ್ಟನ್ ಹತ್ತಿರ ಉಬ್ಬಿ ನಿಂತು, ಎಎಂಎ1 ಎಂಬ ಇನ್ನೊಂದು ಮೈಕ್ರೊನೀಮ್ ಪ್ರೋಟೀನ್‌ನ ಪಟ್ಟಿಯನ್ನೂ ಕೆಡಿಸುತ್ತದೆ.

ಮೂರನೇ ಸುತ್ತಿಗೆ ಬೆಳಗಿನ ಹೊತ್ತು ಆರಿಸಿದೆವು. ಫೈಬ್ರೊಬ್ಲಾಸ್ಟ್ ಕೋಶಗಳಿಂದ ಆಗತಾನೇ ಹೊರಬಂದ ಟ್ಯಾಕಿಜೋಯಿಟ್‌ಗಳನ್ನು (ಪರಾವಲಂಬಿಯ ವೇಗವಾಗಿ ಹೆಚ್ಚುವ ರೂಪ) 27 ಗೇಜ್ ಸೂಜಿಯಲ್ಲಿ ನಿಧಾನವಾಗಿ ಹಾಯಿಸಿ, 3 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಸೀರಮ್ ಇಲ್ಲದ ತಣ್ಣನೆಯ ದ್ರಾವಣದಲ್ಲಿ ಎರಡು ಸಲ ತೊಳೆದೆವು. ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಒಂದು ಚುಚ್ಚು ಸಾಕು ಸೋಂಕಿಗೆ. ಗರ್ಭಿಣಿಯರು ಈ ಕೆಲಸಕ್ಕೆ ಕೈ ಹಾಕಲೇಬಾರದು.

ಪ್ರತಿ ಟ್ಯೂಬಿಗೆ 50 ಮೈಕ್ರೊಲೀಟರ್ ಪರಾವಲಂಬಿ, ಅದರ ಮೇಲೆ 2 ಶೇಕಡಾ ಎಥನಾಲ್ ಬೆರೆತ ದ್ರಾವಣ 50. ಕೊನೆಗೆ 1 ಶೇಕಡಾ ಆಗುತ್ತದೆ. ನೇರವಾಗಿ 1 ಮೈಕ್ರೊಲೀಟರ್ ಎಥನಾಲ್ ಬಿಟ್ಟರೆ ಬಿದ್ದ ಜಾಗದ ಕೋಶಗಳು ಸಾಯುತ್ತವೆ. 37 ಡಿಗ್ರಿಯಲ್ಲಿ 2 ನಿಮಿಷ, ನೀರಿನ ತೊಟ್ಟಿಯಲ್ಲೇ. ಇನ್‌ಕ್ಯುಬೇಟರ್‌ನ ಗಾಳಿ ಟ್ಯೂಬನ್ನು ಬೆಚ್ಚಗಾಗಿಸುವುದರೊಳಗೆ ಆ ಎರಡು ನಿಮಿಷ ಕಳೆದಿರುತ್ತದೆ. ತಕ್ಷಣ ಐಸ್, ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ 4 ಡಿಗ್ರಿಯಲ್ಲಿ 1000 ಜಿ, 10 ನಿಮಿಷ. ಮೇಲಿನ ತಿಳಿಯನ್ನು ಬೇರೆ ಟ್ಯೂಬಿಗೆ ತೆಗೆದು ಇನ್ನೊಮ್ಮೆ ಹಾಗೆಯೇ ತಿರುಗಿಸಬೇಕು, ಇಲ್ಲದಿದ್ದರೆ ತಳದ ಕೋಶಗಳು ನುಸುಳುತ್ತವೆ.

ಈ ಸಲ ಎಥನಾಲ್ ಇಲ್ಲದ ಸಾಲು ಬಹುತೇಕ ಖಾಲಿ. ಎಥನಾಲ್ ಸಾಲಿನಲ್ಲಿ ಕತ್ತರಿಸಿ ಬಿಟ್ಟ ಎಂಐಸಿ2, ಕೋಶದೊಳಗಿನ ಪೂರ್ಣ ರೂಪಕ್ಕಿಂತ ಕೆಳಗೆ, ಸ್ಪಷ್ಟವಾಗಿ ಕಂಡಿತು. ಕ್ಯಾಲ್ಸಿಯಂ ಹಿಡಿದಿಡುವ ಬಾಪ್ಟಾ-ಎಎಂ ಕೊಟ್ಟದ್ದರಲ್ಲಿ ಆ ಪಟ್ಟಿ ಅಡಗಿತು. ಜಿಆರ್‌ಎ1 ಮಾತ್ರ ಮೂರೂ ಕಡೆ ಒಂದೇ ಸಮ. ದಟ್ಟಕಣಗಳೆಂಬ ಬೇರೆ ಚೀಲಗಳ ಈ ಪ್ರೋಟೀನ್ ಪ್ರಚೋದನೆಗೆ ಕಾಯದೆ ಸದಾ ಒಸರುತ್ತದೆ. ಕೋಶದೊಳಗೇ ಉಳಿಯಬೇಕಾದ ಟ್ಯುಬುಲಿನ್ ಪ್ರೋಟೀನ್‌ನ ಪಟ್ಟಿ ನೋಡದೆ ಯಾವ ಬ್ಲಾಟನ್ನೂ ನಂಬಬೇಡಿ. ಅದು ತಿಳಿಯಲ್ಲಿ ಕಂಡರೆ ಕೋಶ ಒಡೆದಿದೆ, ನೀವು ನೋಡುತ್ತಿರುವುದು ಸ್ರಾವವಲ್ಲ.

ರಾಪ್ಟ್ರಿ ಎಂಬ ಮತ್ತೊಂದು ಬಗೆಯ ಚೀಲದ ಪ್ರೋಟೀನ್ ಆರ್‌ಒಎನ್2 ಈ ವಿಧಾನದಲ್ಲಿ ಸಿಗುವುದಿಲ್ಲ, ಏಕೆಂದರೆ ರಾಪ್ಟ್ರಿ ಬಿಚ್ಚಲು ಆತಿಥೇಯ ಕೋಶ ತಗಲಬೇಕು. ಗೂಟ ತಾನೇ ನೆಟ್ಟು ಹಗ್ಗವನ್ನೂ ತಾನೇ ಕಟ್ಟಿಕೊಳ್ಳುವ ಜೀವಿ ಇದು: ಆರ್‌ಒಎನ್2ನ್ನು ಆತಿಥೇಯ ಪೊರೆಗೆ ಚುಚ್ಚಿ, ತನ್ನ ಮೈಮೇಲಿನ ಎಎಂಎ1ರಿಂದ ಅದನ್ನು ಹಿಡಿಯುತ್ತದೆ. ಮುಂದಿನ ಸುತ್ತಿನಲ್ಲಿ 1 ಮೈಕ್ರೊಮೋಲಾರ್ ಸೈಟೊಕಲಾಸಿನ್ ಡಿ ಕೊಟ್ಟು ಒಳಹೋಗುವುದನ್ನು ತಡೆದು, ಆತಿಥೇಯ ಕೋಶದೊಳಗೆ ಉಗುಳಿದ ಆರ್‌ಒಪಿ1 ಎಂಬ ರಾಪ್ಟ್ರಿ ಪ್ರೋಟೀನ್‌ನ ಚುಕ್ಕೆಗಳನ್ನು ಎಣಿಸುವುದು.